ಮನಿಯೊಳಗ ಬೆಕ್ಕಿಗೆ ಹುಲ್ಲು ಬೆಳಸೋದು ಹೆಂಗ? ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಫ್ಲ್ಯಾಟ್‌ನ್ಯಾಗ, ಬಾಡಿಗಿ ಮನ್ಯಾಗ ಬೆಕ್ಕು ಸಾಕೋರು ಈಗ ನಮ್ಮ ಕಡೆನೂ ಭಾಳ ಆಗ್ಯಾರ. ಅಂಗಳ ಇಲ್ಲ, ಹಿತ್ತಲ ಇಲ್ಲ, ಬೆಕ್ಕಿಗೆ ಹುಲ್ಲು ಅನ್ನೋದು ಕಣ್ಣಿಗೇ ಬೀಳೂದಿಲ್ಲ, ಅದಕ್ಕ ಅದು ಮನಿಪ್ಲಾಂಟ್ ಕಡಿತೈತಿ, ಕಸಬರಿಗಿ ಕಡ್ಡಿ ಅಗಿತೈತಿ, ಬೊಕೆದಾಗಿನ ಎಲಿ ಹರಿತೈತಿ. ಅದ್ರಾಗ ಕೆಲವೊಂದು ಬೆಕ್ಕಿನ ಜೀವಕ್ಕ ಕುತ್ತು ತರೋವು ಅದಾವು. ಅಡಗಿ ಮನಿ ಡಬ್ಬಿದಾಗಿನ ಒಂದ್ ಮುಷ್ಟಿ ಗೋದಿಲೆ ಈ ಕೆಲಸ ಆಗತೈತಿ, ಅದಕ್ಕಂತ ಏನೂ ಖರೀದಿ ಮಾಡೋದು ಬ್ಯಾಡ. ಮಂದಿ ನಂಗ ಕೇಳೋ ಪ್ರಶ್ನೆ ಎಲ್ಲಾ ಒಂದ್ ಕಡೆ ಬರದೀನಿ, ಬೇಕಾದ್ದು ಓದ್ಕೋರಿ.

ಕ್ಯಾಟ್ ಗ್ರಾಸ್ ಅಂದ್ರ ಯಾವ ಹುಲ್ಲು? ಅದಕ್ಕ ಬ್ಯಾರೆ ಬೀಜ ಬರ್ತಾವೇನ್ರಿ?

ಬ್ಯಾರೆ ಜಾತಿ ಏನಲ್ರಿ. ಗೋದಿ, ಓಟ್ಸ್, ಬಾರ್ಲಿ, ರೈ (ಸಾಸಿವಿ ಅಲ್ಲ, ಗೋದಿಯಂಥದ್ದೇ ಒಂದ್ ಕಾಳು) ಈ ಕಾಳಿನ ಎಳಿ ಸಸಿಗೇ ಕ್ಯಾಟ್ ಗ್ರಾಸ್ ಅಂತ ಹೆಸರಿಟ್ಟು ಮಾರ್ತಾರ. ಆನ್‌ಲೈನ್‌ನ್ಯಾಗ ಸಣ್ಣ ಕಪ್ಪು, ಒಂದ್ ಪುಡಿಕಿ ಬೀಜ, ಒಂದ್ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆ ಹಾಕಿ ನೂರಾರು ರೂಪಾಯಿ ತಗೋತಾರ. ನಮ್ಮಲ್ಲೆ ಸಿಗೋದು, ಬೆಳ್ಯಾಕ ಹಗರಾಗಿರೋದು ಗೋದಿ. ಪೆಟ್ ಅಂಗಡಿಗೆ ಹೋಗೂದ್ಕಿಂತ ಕಿರಾಣಿ ಅಂಗಡಿಗೆ ಹೋಗ್ರಿ.

ಕ್ಯಾಟ್‌ನಿಪ್ ಅಂತಾರಲ್ಲ, ಅದೂ ಇದೇ ಏನು?

ಅಲ್ಲ. ಕ್ಯಾಟ್‌ನಿಪ್ ಪುದೀನಾ ಕುಟುಂಬದ ಗಿಡ, ಅದ್ರ ಎಲಿಯೊಳಗ ನೆಪಿಟಾಲ್ಯಾಕ್ಟೋನ್ ಅನ್ನೋ ವಾಸನಿ ಇರ್ತೈತಿ, ಅದನ್ನ ಮೂಸಿದ ಕೂಡ್ಲೆ ಕೆಲವೊಂದು ಬೆಕ್ಕು ಉಳ್ಳಾಡ್ತಾವು, ಮುಖ ತಿಕ್ಕತಾವು, ಇನ್ನ ಕೆಲವೊಂದಕ್ಕ ಏನೂ ಅನಸೂದಿಲ್ಲ. ನಮ್ಮ ಕಡೆ ಹಿತ್ತಲದಾಗ ತಾನ ಬೆಳಿಯೋ ಕುಪ್ಪಿ ಗಿಡದ ಬೇರಿಗೂ ಬೆಕ್ಕು ಹಂಗ ಮಾಡತೈತಿ, ಆದ್ರ ಅದನ್ನ ಕಿತ್ತು ತಂದು ತಿನ್ನಾಕ ಇಡಬ್ಯಾಡ್ರಿ, ಅದು ತಿನ್ನೋ ಹುಲ್ಲಲ್ಲ.

ಬೆಕ್ಕು ಮಾಂಸ ತಿನ್ನೋ ಪ್ರಾಣಿ, ಅದ್ಯಾಕ ಹುಲ್ಲು ತಿಂತೈತಿ? ಹೊಟ್ಟಿ ಕೆಟ್ಟಾಗ ಅಷ್ಟ ತಿಂತಾವು ಅಂತಾರ, ಖರೇನಾ?

ನಮ್ಮ ಹಿರ್ಯಾರೂ ಹಂಗ ಹೇಳತಿದ್ರು, ಬೆಕ್ಕು ಹುಲ್ಲು ತಿಂದ್ರ ಅದಕ್ಕ ಹೊಟ್ಟಿ ನೋವು ಅಂತ. ಆದ್ರ ನೋಡಿದ್ರ ಹಂಗ ಕಾಣೂದಿಲ್ಲ. ಅಮೆರಿಕಾದಾಗ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್‌ನವ್ರು ಬೆಕ್ಕು ಸಾಕಿದ ಸಾವಿರಕ್ಕಿಂತ ಹೆಚ್ಚು ಮಂದೀನ ಕೇಳಿ 2019ರಾಗ ಹೇಳಿದ್ರು: 71 ಪರ್ಸೆಂಟ್ ಬೆಕ್ಕು ಒಂದಲ್ಲ ಎರಡಲ್ಲ, ಕಡಿಮಿ ಅಂದ್ರೂ ಆರ್ ಸಲ ಹುಲ್ಲು-ಗಿಡ ತಿಂದಿದ್ದನ್ನ ಮಾಲಕರು ನೋಡ್ಯಾರ, ಮತ್ತ ಹತ್ರಾಗ ಒಂಬತ್ತು ಮಂದಿ ತಿನ್ನೂಕಿಂತ ಮೊದ್ಲ ಬೆಕ್ಕು ಆರಾಮನ ಇತ್ತು ಅಂದ್ರು. ಅಂದ್ರ ಜಡ್ಡಾಗಿ ತಿನ್ನೋದಲ್ಲ, ಅದು ಹುಟ್ಟುಗುಣ. ಕಾಡಿನ್ಯಾಗ ಇದ್ದಾಗ ಕರುಳಿನ್ಯಾಗಿನ ಜಂತು ಹೊರಗ ದಬ್ಬಾಕ ಈ ಚಟ ಬಂದಿರಬೇಕು ಅಂತ ಅವ್ರ ವಿಚಾರ. ಬೆಕ್ಕಿಗೆ ಹುಲ್ಲಿನ ನಾರು ಅರಗಿಸೋ ಶಕ್ತಿ ಇಲ್ಲ, ಹಂಗಾಗಿ ಒಂದೋ ಬಾಯಿಂದ ಬರ್ತೈತಿ, ಇಲ್ಲಾ ಹಿಂದಿಂದ ಹಂಗಽ ಬರ್ತೈತಿ, ಎರಡೂ ಸಹಜ.

ಬೆಕ್ಕು ತಿನ್ನೋದನ್ನ ಒಮ್ಮೆ ಹತ್ರ ಕುಂತು ನೋಡ್ರಿ, ಅದು ಮುಂದಿನ ಹಲ್ಲಿಲೆ ಕಡಿಯೂದಿಲ್ಲ, ತಲಿ ಒಂದ್ ಕಡೆ ಓರೆ ಮಾಡಿ, ಕಣ್ಣ ಅರ್ಧ ಮುಚ್ಚಿ, ಎಸಳನ್ನ ದವಡಿ ಹಲ್ಲಿನ ತನಕ ಒಯ್ದು ಕತ್ರಿಸತೈತಿ. ಅದಕ್ಕ ಎತ್ತರಕ್ಕ ನೆಟ್ಟಗ ನಿಂತ ಹುಲ್ಲ ಬೇಕು, ನೆಲಕ್ಕ ಬಿದ್ದ ಹುಲ್ಲು ಅದಕ್ಕ ಸೇರೂದಿಲ್ಲ.

ಯಾವ ಗೋದಿ ಹಾಕಬೇಕು?

ಗಿರಣಿಗೆ ಒಯ್ಯೋ ಇಡೀ ಗೋದಿ ಸಾಕು. ಅಂಗಡ್ಯಾಗಿನ ಓಟ್ಸ್ ಪ್ಯಾಕೆಟ್ ಮೊಳಿಯೂದಿಲ್ಲ, ಅದನ್ನ ಉಗಿಯೊಳಗ ಬೇಸಿ ಚಪ್ಪಟಿ ಮಾಡಿರ್ತಾರ. ಪಾಲಿಶ್ ಮಾಡಿದ ಬೆಳ್ಳನ ಬಾರ್ಲಿನೂ ಅಷ್ಟ, ನೆನಿ ಹಾಕಿದ್ರ ಹುಳಿ ವಾಸನಿ ಬರ್ತೈತಿ, ಮೊಳಕಿ ಬರೂದಿಲ್ಲ. ಕಪ್ಲಿ ಗೋದಿ, ನಮ್ಮಲ್ಲೆ ಸದಕ ಅಂತೀವಲ್ಲ, ಹುಗ್ಗಿ ಮಾಡೋದು, ಅದ್ರ ಮ್ಯಾಲಿನ ಹೊಟ್ಟು ತಗ್ಯಾಕ ಮಶೀನಿಗೆ ಹಾಕಿರ್ತಾರ, ಆವಾಗ ಕಾಳಿನ ಮೂತಿಯೊಳಗಿನ ಮೊಳಕಿ ಜಾಗಕ್ಕ ಪೆಟ್ಟಾಗಿರ್ತೈತಿ, ಹಂಗಾಗಿ ಅರ್ಧಂಬರ್ಧ ಹುಟ್ಟತಾವು. ಸಾದಾ ಚಪಾತಿ ಗೋದಿನೇ ಚೊಲೋ.

ಇಲ್ಲೆ ಎರಡು ಮಾತು ಗಟ್ಟಿ ಹೇಳ್ತೀನಿ. ಒಂದು, ಬಿತ್ತಾಕ ಮಾರೋ ಬೀಜದ ಅಂಗಡಿ ಗೋದಿ ತರಬ್ಯಾಡ್ರಿ. ಅದಕ್ಕ ಥೈರಮ್, ಕಾರ್ಬೆಂಡಜಿಮ್ ಅಂಥ ಔಷಧ ಹಚ್ಚಿರ್ತಾರ, ಗುಲಾಬಿ ಇಲ್ಲಾ ಕೆಂಪು ಬಣ್ಣ ಇರ್ತೈತಿ, ಪುಡಿಕಿ ಮ್ಯಾಲೆನೂ ತಿನ್ನಬಾರದು ಅಂತ ಬರದಿರ್ತಾರ. ಹೊಲಕ್ಕ ಅದು ಸರಿ, ಬೆಕ್ಕಿನ ಬಾಯಿಗಲ್ಲ. ಎರಡು, ಹಳ್ಳಿಂದ ಬಂದ ಚೀಲದ ಗೋದಿ ಇದ್ರ ಅದ್ರಾಗ ಏನ್ ಬೆರ್ಸ್ಯಾರ ಅಂತ ಅವ್ವನ್ನೋ ಅತ್ತಿನ್ನೋ ಕೇಳ್ರಿ. ಬೇವಿನ ಎಲಿ ಇದ್ರ ಚಿಂತಿ ಇಲ್ಲ. ಬೋರಿಕ್ ಪೌಡರ್ ಕಲಿಸಿದ್ದು, ಕಾಳು ಕೆಡಬಾರದು ಅಂತ ಗುಳಿಗಿ ಇಟ್ಟಿದ್ದು ಇದ್ರ ಅದನ್ನ ಮುಟ್ಟಬ್ಯಾಡ್ರಿ, ಅಂಗಡ್ಯಾಗಿಂದ ಪಾವ್ ಕಿಲೋ ಬ್ಯಾರೆ ತರ್ರಿ, ಅಷ್ಟರಾಗ ಭಾಳ ದಿನ ನಡಿತೈತಿ.

ನಮ್ಮ ಮನ್ಯಾಗ ಜ್ವಾಳ ಚೀಲಗಟ್ಲೆ ಅದಾವು, ಅದನ್ನ ಹಾಕಿದ್ರ ಆಗೂದಿಲ್ಲೇನು?

ಬ್ಯಾಡ್ರಿ, ಬ್ಯಾಡ. ಇದನ್ನ ನಾ ಎಲ್ಲಾರಿಗೂ ಮೊದ್ಲ ಹೇಳ್ತೀನಿ, ಯಾಕಂದ್ರ ನಮ್ಮ ಭಾಗದಾಗ ಗೋದಿ ಇಲ್ಲದ ಮನಿ ಇದ್ದೀತು, ಜ್ವಾಳ ಇಲ್ಲದ ಮನಿ ಇಲ್ಲ, ಮತ್ತ ಜ್ವಾಳದ ಸಸಿ ನೋಡಾಕ ಚಂದ ಹಸರಾಗಿ ಬರ್ತೈತಿ, ಯಾರಿಗೂ ಸಂಶೆ ಬರೂದಿಲ್ಲ. ಎಳಿ ಜ್ವಾಳದ ಎಲಿಯೊಳಗ ಧುರಿನ್ ಅನ್ನೋ ಒಂದ್ ವಸ್ತು ಇರ್ತೈತಿ, ಎಲಿ ಅಗದ ಕೂಡ್ಲೆ ಅದರಿಂದ ಸಯನೈಡ್ ವಿಷ ಹುಟ್ಟತೈತಿ. ಗದಗ, ರೋಣ, ನವಲಗುಂದ ಕಡೆ ಯಾವ ರೈತರನ್ನ ಕೇಳ್ರಿ, ಮಳಿ ಕೈಕೊಟ್ಟಾಗ ಬಾಡಿದ ಎಳಿ ಜ್ವಾಳದಾಗ, ಇಲ್ಲಾ ಕೊಯ್ದ ಮ್ಯಾಲೆ ಮತ್ತ ಚಿಗುರಿದ ಕೂಳ್ಯಾಗ ದನಾ ಬಿಡಬಾರದು ಅಂತ ಅವ್ರಿಗೆ ಗೊತ್ತೈತಿ, ಮೇದ ದನ ನಿಂತಲ್ಲೇ ಬಿದ್ದಾವು. ಗಿಡ ಬಲತಂಗ ಬಲತಂಗ ವಿಷ ಕಡಿಮಿ ಆಗತೈತಿ, ಅದಕ್ಕ ಬಲತ ಕಣಿಕಿ ದನಕ್ಕ ನಡಿತೈತಿ. ಆದ್ರ ನಾವು ಬೆಕ್ಕಿಗೆ ಕೊಡೋದು ಗೇಣುದ್ದದ ಎಳಿ ಸಸಿ, ಅಂದ್ರ ವಿಷ ಭಾಳ ಇರೋ ಹೊತ್ತು. ಅಂಥಾ ದೊಡ್ಡ ಎತ್ತಿಗೇ ತ್ರಾಸ ಮಾಡೋದು ಮೂರ್ ನಾಕ್ ಕಿಲೋದ ಬೆಕ್ಕಿಗೆ ಯಾಕ ಬೇಕು?

ಗೊಂಜಾಳ, ಸಜ್ಜಿ, ಭತ್ತ, ಮೆಂತೆ?

ಗೊಂಜಾಳದ ಎಲಿ ಅಗಲ, ಅಂಚು ಒರಟು, ಬೆಕ್ಕಿಗೆ ಹೊಂದೂದಿಲ್ಲ. ಉಳಿದವುಕ್ಕ ಯಾಕ ಬಡದಾಡಬೇಕು, ಗೋದಿ ಇದ್ದಾಗ. ಮಜ್ಜಿಗೆ ಹುಲ್ಲು, ಅದೇ ಚಹಾಕ್ಕ ಹಾಕೋದು, ಅದನ್ನ ಕೊಡಬ್ಯಾಡ್ರಿ, ಅದ್ರ ಎಣ್ಣಿ ಬೆಕ್ಕಿನ ಹೊಟ್ಟಿ ಕೆಡಸ್ತೈತಿ, ಎಲಿ ಅಂಚು ಬ್ಲೇಡಿನಂಗ ಕೊಯ್ತೈತಿ.

ಗಣಪತಿಗೆ ಏರಸೋ ಕರಕಿ ಕೊಡಬೌದಾ?

ಕರಕಿ ಬೆಕ್ಕಿಗೆ ಇಷ್ಟ, ಅದ್ರಿಂದ ತ್ರಾಸಿಲ್ಲ. ಆದ್ರ ಮಾರ್ಕೆಟ್‌ನ್ಯಾಗ ಕಟ್ಟು ಕಟ್ಟಿ ಮಾರೋ ಕರಕಿ ಎಲ್ಲಿಂದ ಕಿತ್ತಾರ ಗೊತ್ತಾಗೂದಿಲ್ಲ, ಗಟಾರ ದಂಡಿ ಇರಬೌದು, ಕಳಿನಾಶಕ ಹೊಡದ ಹೊಲದ ಬದು ಇರಬೌದು. ನಿಮ್ಮ ಸ್ವಂತ ಅಂಗಳದಾಗ ಇದ್ರ ತೊಳದು ಕೊಡ್ರಿ.

ಮಣ್ಣು ಎಂಥಾದ್ದು?

ಎರಿ ಮಣ್ಣು ಒಂದನ್ನ ಹಾಕಬ್ಯಾಡ್ರಿ. ನಮ್ಮ ಕಡೆ ಎರಿ ಹೊಲದಾಗ ಹಿಂಗಾರಿ ಗೋದಿ ಬಂಗಾರದಂಗ ಬರ್ತೈತಿ ಖರೆ, ಆದ್ರ ಅದು ಹೊಲದಾಗ. ಸಣ್ಣ ಡಬ್ಬ್ಯಾಗ ಎರಿ ಮಣ್ಣು ನೀರು ಕುಡದು ಅಂಟಾಗಿ ಕುಂದರತೈತಿ, ಬೇರಿಗೆ ಗಾಳಿ ಹೋಗೂದಿಲ್ಲ, ಒಣಗಿದ್ರ ಬಿರಕ ಬಿಟ್ಟು ಬೇರು ಹರಿತೈತಿ. ಮಸಾರಿ ಮಣ್ಣಿಗೆ ಅರ್ಧದಷ್ಟು ಕೊಕೊಪೀಟ್ ಕಲಸ್ರಿ, ಬರೇ ಕೊಕೊಪೀಟ್ ಆದ್ರೂ ನಡಿತೈತಿ. ಗೊಬ್ಬರ ಬ್ಯಾಡ್ರಿ, ಯೂರಿಯಾ ಅಂತೂ ಕಾಳಷ್ಟೂ ಬ್ಯಾಡ, ಈ ಹುಲ್ಲು ಬೆಳಿಯೋದು ಎರಡು ವಾರ, ಅಷ್ಟಕ್ಕ ಬೇಕಾದ ಊಟ ಕಾಳಿನೊಳಗ ಇರ್ತೈತಿ.

ಮಣ್ಣಿಲ್ಲದ ಟಿಶ್ಯೂ ಪೇಪರ್, ಹತ್ತಿ ಮ್ಯಾಲೆನೂ ಬೆಳಿತೈತಿ, ವಿಡಿಯೋದಾಗ ಚಂದ ಕಾಣತೈತಿ, ಆದ್ರ ಬೆಕ್ಕು ಒಂದ್ ಎಸಳು ಎಳದ್ರ ಇಡೀ ಚಾಪಿನೇ ಎದ್ದು ಬರ್ತೈತಿ, ಹತ್ತಿನೂ ಬಾಯಾಗ ಹೋಗತೈತಿ. ನನ್ನ ಓಟು ಮಣ್ಣಿಗೇ.

ಸರಿ, ಈಗ ಮಾಡೋದು ಹೆಂಗ ಅಂತ ಬಿಡಿಸಿ ಹೇಳ್ರಿ.

ರಾತ್ರಿ ಊಟ ಆದ ಮ್ಯಾಲೆ ಒಂದ್ ಮುಷ್ಟಿ ಗೋದಿ ಆರಿಸಿ, ಎರಡ್ ಮೂರ್ ಸಲ ತೊಳದು, ತೇಲೋ ಜೊಳ್ಳು ತಗದು, ನೆನಿ ಹಾಕ್ರಿ. 8ರಿಂದ 12 ತಾಸು ಸಾಕು, ಬ್ಯಾಸಗ್ಯಾಗ 6 ತಾಸು ಆದ್ರೂ ಸಾಕು, ಇಡೀ ಒಂದಿನ ಬಿಟ್ರ ಹುಳಿ ಬರ್ತೈತಿ. ಮುಂಜಾನೆ ನೀರು ಬಸದು, ಒದ್ದಿ ಬಟ್ಟ್ಯಾಗ ಕಟ್ಟಿ ಇಡ್ರಿ, ಹೆಸರುಕಾಳು ಮೊಳಕಿ ಕಟ್ಟೋ ಪದ್ಧತಿನೇ. ಮರುದಿನಕ್ಕ ಕಾಳಿನ ತುದಿಗೆ ಬೆಳ್ಳನ ಮೂತಿ ಕಂಡ್ರ ಬಿತ್ತೋ ಹೊತ್ತು ಆತು ಅಂತ ತಿಳ್ಕೋರಿ. ಕಟ್ಟಿಡದನ ಸೀದಾ ಮಣ್ಣಿಗೆ ಹಾಕಿದ್ರೂ ನಡಿತೈತಿ, ಆದ್ರ ಕಟ್ಟಿದ್ರ ಯಾವ ಕಾಳು ಸತ್ತಾವು ಅನ್ನೋದು ಮೊದ್ಲ ಗೊತ್ತಾಗತೈತಿ, ಆ ಸತ್ತ ಕಾಳೇ ಮುಂದ ಫಂಗಸ್ ತರೋವು.

ಡಬ್ಬಿ ಆಳ ಬ್ಯಾಡ, ಮೂರ್ ಇಂಚು ಸಾಕು. ಶ್ರೀಖಂಡದ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಕುಂಬಾರರ ಹಂತ್ಯಾಕ ಸಿಗೋ ಅಗಲ ಬಾಯಿಯ ಮಣ್ಣಿನ ಬಟ್ಟಲ, ಯಾವುದಾದ್ರೂ ನಡಿತೈತಿ, ತಳಕ್ಕ ನಾಕೈದು ತೂತು ಇರಬೇಕು. ಎರಡ್ ಇಂಚು ಮಣ್ಣು ಹಾಕಿ, ನೀರು ಚಿಮುಕಿಸಿ, ಕಾಳು ಒಂದೇ ಪದರ ಹರಡ್ರಿ, ಒಂದಕ್ಕೊಂದು ತಾಗಿದ್ರ ತಾಗ್ಲಿ, ಒಂದ್ರ ಮ್ಯಾಲೆ ಒಂದು ಬ್ಯಾಡ. ಮ್ಯಾಲೆ ಕಾಳು ಮುಚ್ಚೋವಷ್ಟು ತೆಳ್ಳಗ ಮಣ್ಣು ಉದರ್ಸಿ, ಎರಡು ದಿನ ಒಂದ್ ತಾಟು ಬೋರಲ ಹಾಕ್ರಿ, ಇಲ್ಲಾಂದ್ರ ಬೆಕ್ಕು ಅದನ್ನ ಲಿಟ್ಟರ್ ಟ್ರೇ, ಅಂದ್ರ ತಾನು ಹೇಲು-ಉಚ್ಚಿ ಮಾಡೋ ಟ್ರೇ, ಅಂತ ತಿಳ್ಕೊಂಡು ಕೆದರತೈತಿ. ಹಸರು ಸೂಜಿ ಎದ್ದ ಕೂಡ್ಲೆ ತಾಟು ತಗದು ಬೆಳಕಿಗೆ ಇಡ್ರಿ. ಒಂದ್ ವಾರ ಹತ್ತು ದಿನಕ್ಕ ಗೇಣು ಹತ್ರ ಬರ್ತೈತಿ, ನಾಕು ಇಂಚು ಆತಂದ್ರ ಬೆಕ್ಕಿನ ಮುಂದ ಇಡಾಕ ಅಡ್ಡಿ ಇಲ್ಲ.

ಬಿಸಲು ಎಷ್ಟು ಬೇಕು? ನಮ್ಮ ಮನ್ಯಾಗ ಒಂದೇ ಕಿಡಕಿ.

ಒಂದೇ ಕಿಡಕಿ ಸಾಕು, ಮೂಡಣಕ್ಕಿದ್ರ ಭಾಳ ಚೊಲೋ. ಓದಾಕ ಬರೋವಷ್ಟು ಬೆಳಕು ನಾಕೈದು ತಾಸು ಬಿದ್ರ ಹುಲ್ಲು ಬರ್ತೈತಿ. ಹುಲ್ಲು ತಿಳಿ ಹಳದಿಯಾಗಿ, ಉದ್ದಾಗಿ, ಒಂದೇ ಕಡೆ ವಾಲಿತಂದ್ರ ಬೆಳಕು ಸಾಲವಲ್ದು ಅಂತ ಅರ್ಥ. ದಿನಾ ಡಬ್ಬಿ ಒಂದ್ ಸುತ್ತು ತಿರುಗಿಸಿ ಇಡ್ರಿ.

ನೀರು ದಿನಾ ಹಾಕಬೇಕಾ? ನಮಗ ನಳ ವಾರಕ್ಕೊಮ್ಮೆ ಬರ್ತೈತಿ.

ತುಂಬಿಟ್ಟ ನೀರು ಹುಲ್ಲಿಗೆ ಇನ್ನೂ ಚೊಲೋ, ಕ್ಲೋರಿನ್ ವಾಸನಿ ಹೋಗಿರ್ತೈತಿ. ದಿನಾ ಹಾಕಬೇಕು ಅನ್ನೋ ನೇಮ ಇಲ್ಲ, ಬೆರಳಿಲೆ ಮುಟ್ಟಿ ನೋಡ್ರಿ, ಮ್ಯಾಲಿನ ಮಣ್ಣು ಒಣಗಿದ್ರ ಅಷ್ಟ ಹಾಕ್ರಿ. ಸಸಿ ಎದ್ದ ಮ್ಯಾಲೆ ಮ್ಯಾಲಿಂದ ಹಾಕೂದ್ಕಿಂತ ಡಬ್ಬಿನ್ನ ನೀರಿನ ತಾಟಿನ್ಯಾಗ ಕಾಲ್ ತಾಸು ಇಟ್ಟು ತಗದ್ರ ಬೇರು ತಾನ ಜಗ್ಗತೈತಿ, ಬುಡ ಒಣಗೇ ಇರ್ತೈತಿ, ಕೊಳಿಯೂದಿಲ್ಲ. ಬೋರ್ ನೀರು ಉಪ್ಪಾಗಿದ್ರ ಎಲಿ ತುದಿ ಕಂದು ಆಗತಾವು, ಅಂಥವ್ರು ಕುಡ್ಯೋ ನೀರಿನ್ಯಾಗಿಂದ ಒಂದ್ ಬಟ್ಟಲ ಹಾಕ್ರಿ.

ಮುಂಜಾನೆ ಎದ್ದು ನೋಡಿದ್ರ ಪ್ರತಿ ಎಸಳಿನ ತುದಿಗೆ ಒಂದೊಂದು ಹನಿ ನೀರು ಇರ್ತೈತಿ, ಇದು ರೋಗ ಏನು?

ಅಲ್ರಿ, ಹುಲ್ಲು ಆರಾಮೈತಿ ಅನ್ನೋದಕ್ಕ ಅದು ಗುರ್ತು. ರಾತ್ರಿ ಬೇರು ನೀರು ಜಗ್ಗತೈತಿ, ಆದ್ರ ಎಲಿಯಿಂದ ಆವಿ ಹೋಗೂದಿಲ್ಲ, ಹೆಚ್ಚಾದ ನೀರನ್ನ ಎಲಿ ತುದಿಯ ಸಣ್ಣ ತೂತಿನಿಂದ ಹೊರಗ ಹಾಕತೈತಿ. ಇಬ್ಬನಿ ಆದ್ರ ಎಲಿ ತುಂಬ ಬೀಳತೈತಿ, ಇದು ತುದಿಗೆ ಅಷ್ಟ, ಸೂಜಿ ಮೊನ್ಯಾಗ ಮಣಿ ಪೋಣಿಸಿದಂಗ. ಬೆಕ್ಕು ಅದನ್ನ ನೆಕ್ಕಿದ್ರ ನೆಕ್ಕಲಿ.

ಬೇರಿನ ಹತ್ರ ಬೆಳ್ಳನ ನವಿರು ಕಾಣತೈತಿ, ಫಂಗಸ್ ಬಂತಂತ ಚೆಲ್ಲಿಬಿಟ್ಟೆ.

ಮುಂದಿನ ಸಲ ಗಡಬಡಸಬ್ಯಾಡ್ರಿ. ಮೊಳಕಿ ಒಡದ ಎರಡ್ನೇ ಮೂರ್ನೇ ದಿನ ಬೇರಿನ ಸುತ್ತ ಹತ್ತಿ ಎಳಿಯಂಗ ಸಣ್ಣ ಕೂದಲ ಬರ್ತಾವು, ಅವು ಬೇರಿನ ಕೂದಲ, ನೀರು ಹೀರಾಕ ಇರೋವು. ಗುರ್ತು ಹಿಡಿಯೋದು ಹಿಂಗ: ನೀರು ಚಿಮುಕಿಸ್ರಿ, ಬೇರಿನ ಕೂದಲ ಆದ್ರ ಬೇರಿಗೆ ಅಂಟಿಕೊಂಡು ಕಾಣದಂಗ ಆಗತಾವು, ಒಣಗಿದ್ರ ಮತ್ತ ಎದ್ದು ನಿಲ್ತಾವು, ಅವು ಬೇರಿನ ಸುತ್ತ ಸಮಾ ಇರ್ತಾವು, ವಾಸನಿ ಇರೂದಿಲ್ಲ. ಫಂಗಸ್ ಆದ್ರ ಒಂದ್ ಕಾಳಿಂದ ಇನ್ನೊಂದ್ ಕಾಳಿಗೆ ಜ್ಯಾಡಿನಂಗ ಹಬ್ಬಿರ್ತೈತಿ, ಬೂದಿ, ಕರಿ, ಹಸರು ಬಣ್ಣ ಬರ್ತೈತಿ, ಮೂಗು ಹತ್ರ ಒಯ್ದ್ರ ಮುಗ್ಗು ವಾಸನಿ. ಅದು ಬಂದ್ರ ಇಡೀ ಡಬ್ಬಿ ಚೆಲ್ರಿ, ಮ್ಯಾಲಿನದಷ್ಟ ತಗದು ಉಳದಿದ್ದು ಕೊಡೋ ಕೆಲಸ ಬ್ಯಾಡ, ಡಬ್ಬಿ ಬಿಸಿನೀರಿಲೆ ತೊಳದು ಬಿಸಲಿಗೆ ಒಣಗಿಸಿ ಮತ್ತ ಹೊಸಾದು ಹಾಕ್ರಿ.

ಮಳಿಗಾಲದಾಗ ಪ್ರತಿ ಸಲ ಫಂಗಸ್ ಬರ್ತೈತಿ. ಏನ್ ಮಾಡೋದು?

ಧಾರವಾಡದವ್ರದು ಇದು ದೊಡ್ಡ ಗೋಳು, ಜೂನ್‌ದಿಂದ ಸಪ್ಟೆಂಬರ್ ತನಕ ಆ ಜಿಟಿಜಿಟಿ ಮಳ್ಯಾಗ ಬಟ್ಟಿನೇ ಒಣಗೂದಿಲ್ಲ, ಡಬ್ಬಿ ಮಣ್ಣು ಎಲ್ಲಿಂದ ಒಣಗಬೇಕು. ಆವಾಗ ಕಾಳು ಅರ್ಧಕ್ಕ ಇಳಿಸ್ರಿ, ಕಾಳಿಗೆ ಕಾಳು ತಾಗದಂಗ ವಿರಳ ಹರಡ್ರಿ, ಕೊಕೊಪೀಟ್ ಕಡಿಮಿ ಮಾಡಿ ತೊಳದ ಉಸುಕು ಒಂದ್ ಮುಷ್ಟಿ ಕಲಸ್ರಿ, ತಾಟು ಮುಚ್ಚಿದ್ದು ಸಸಿ ಕಂಡ ಕೂಡ್ಲೆ ತಗಿರಿ, ದಿನಾ ಒಂದ್ ತಾಸು ಫ್ಯಾನ್ ಕೆಳಗ ಇಡ್ರಿ. ಗಾಳಿ ಆಡಿದ್ರ ಅರ್ಧ ಕೆಲಸ ಆದಂಗ. ನೀರು ಎರಡ್ ಮೂರ್ ದಿನಕ್ಕೊಮ್ಮೆ ಸಾಕಾಗತೈತಿ.

ಸಣ್ಣ ಸಣ್ಣ ನೊಣ ಮಣ್ಣಿನ ಮ್ಯಾಲೆ ಹಾರಾಡಿದ್ರನೂ ಕಾರಣ ಇದೇ, ಹಸಿ ಹೆಚ್ಚಾಗೈತಿ. ಮಣ್ಣು ಒಣಗಾಕ ಬಿಡ್ರಿ, ಔಷಧ ಹೊಡಿಬ್ಯಾಡ್ರಿ.

ಬ್ಯಾಸಗಿ?

ಗೋದಿ ಥಂಡಿಯ ಬೆಳಿ, ರೈತರು ಅಕ್ಟೋಬರ್-ನವೆಂಬರ್‌ನ್ಯಾಗ ಬಿತ್ತೋದು ಅದಕ್ಕ. ಡಿಸೆಂಬರ್-ಜನವರಿಯೊಳಗ ನೀವ್ ಏನೂ ಮಾಡದಿದ್ರೂ ಬರ್ತೈತಿ, ಏಪ್ರಿಲ್-ಮೇದಾಗ ಗದಗ, ಹುಬ್ಬಳ್ಳಿ ಬಿಸಲಿಗೆ ಕಿಡಕಿ ಕಟ್ಟಿ ಮ್ಯಾಲಿನ ಡಬ್ಬಿ ಬೆಂದು ಹೋಗತೈತಿ. ಮನಿಯೊಳಗ ತಣ್ಣಗಿರೋ ಜಾಗ, ಕಲ್ಲು ಹಾಸಿದ ನೆಲದ ಮ್ಯಾಲೆ, ಬಡಗಣ ಕಿಡಕಿ ಹತ್ರ ಇಡ್ರಿ, ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಬಟ್ಟಲ ತಗೋರಿ, ಮಧ್ಯಾಹ್ನ ನೀರು ಹಾಕಬ್ಯಾಡ್ರಿ, ಮುಂಜಾನೆ ಸಂಜಿ ಹಾಕ್ರಿ. ಆ ದಿನಗಳಾಗ ಹುಲ್ಲು ಲಗೂನ ಹಳದಿ ಆಗತೈತಿ, ಸಣ್ಣ ಡಬ್ಬ್ಯಾಗ ಸ್ವಲ್ಪ ಸ್ವಲ್ಪ ಹಾಕೋದೇ ಶಾಣ್ಯಾತನ.

ಒಂದ್ ಸಲ ಹಾಕಿದ್ದು ಎಷ್ಟು ದಿನ ಬರ್ತೈತಿ? ಕತ್ರಿಸಿದ್ರ ಮತ್ತ ಚಿಗುರತೈತಾ?

ಒಂದ್ ಎರಡು ಸಲ ಚಿಗುರತೈತಿ, ಆದ್ರ ಪ್ರತಿ ಸಲ ತೆಳ್ಳಗ ಆಗತೈತಿ, ಯಾಕಂದ್ರ ಕಾಳಿನೊಳಗಿನ ಗಂಟು ಮುಗದಿರ್ತೈತಿ. ಬೆಕ್ಕಿನ ಮುಂದ ಇಟ್ಟ ಮ್ಯಾಲೆ ಎರಡು ವಾರಕ್ಕ ಮುಗೀತು ಅಂತ ಹಿಡೀರಿ. ಎಲಿ ಬಲತು ಒರಟಾದ್ರ, ಹಳದಿ ಆದ್ರ ತಗದ ಬಿಡ್ರಿ, ಬಲತ ಎಸಳು ಗಂಟಲಿಗೆ ಸಿಗತೈತಿ. ಎರಡು ಡಬ್ಬಿ ಇಟ್ಕೋರಿ, ಒಂದು ಬೆಕ್ಕಿನ ಮುಂದ ಬಂದ ದಿನ ಇನ್ನೊಂದಕ್ಕ ಗೋದಿ ನೆನಿ ಹಾಕ್ರಿ, ಅಲ್ಲಿಗೆ ಹುಲ್ಲಿಲ್ಲದ ದಿನ ಅನ್ನೋದು ಬರೂದಿಲ್ಲ.

ಎಷ್ಟು ತಿಂದ್ರ ಹೆಚ್ಚು? ತಿಂದು ವಾಂತಿ ಮಾಡ್ತು, ಅಂಜಿಕಿ ಆತು.

ಒಂದ್ ಹೊತ್ತಿಗೆ ನಾಕಾರು ಎಸಳು ಸಾಕು. ಮೊದ್ಲನೇ ಸಲ ಹತ್ತು ನಿಮಿಷ ಇಟ್ಟು ತಗೀರಿ, ಕೆಲವೊಂದು ಬೆಕ್ಕು ಕಂಡು ಕಾಣದಂಗ ಮುಕ್ಕತಾವು. ಆಗೊಮ್ಮೆ ಈಗೊಮ್ಮೆ ಹುಲ್ಲು, ನೊರಿ, ಒಂದ್ ಕೂದಲ ಉಂಡಿ ವಾಂತಿ ಮಾಡಿ, ಮರು ಗಳಿಗ್ಯಾಗ ಆಡಕೋತ ಇದ್ರ ಚಿಂತಿ ಬ್ಯಾಡ.

ಚಿಂತಿ ಮಾಡಬೇಕಾದ್ದು ಬ್ಯಾರೆ ಐತಿ. ದಿನಾ ವಾಂತಿ, ವಾಂತ್ಯಾಗ ರಕ್ತ, ಊಟ ಬಿಟ್ಟು ಮೂಲ್ಯಾಗ ಕುಂದರೋದು, ಹುಲ್ಲು ತಿನ್ನದನೂ ಪದೇ ಪದೇ ವಾಂತಿ, ಇವಕ್ಕ ಡಾಕ್ಟರ್ ಹಂತ್ಯಾಕ ಒಯ್ಯಬೇಕು. ಇನ್ನೊಂದು, ಹುಲ್ಲು ತಿಂದ ಮ್ಯಾಲೆ ಒಮ್ಮಿಂದೊಮ್ಮೆ ಒಂದೇ ಸವನೆ ಸೀನೋದು, ಗಂಟಲು ಕೆರಿಯೋದು, ಮತ್ತ ಮತ್ತ ನುಂಗೋದು ಶುರುವಾತಂದ್ರ ಎಸಳು ಬಾಯಿ ಅಂಗುಳದ ಹಿಂದ, ಮೂಗಿನ ಕಡೆ ಏರಿ ಸಿಕ್ಕಿರಬೌದು. ಮೂಗಿನಿಂದ ಹುಲ್ಲಿನ ತುದಿ ಹಣಿಕಿದ್ದು ಕಂಡ್ರೂ ನೀವು ಜಗ್ಗಬ್ಯಾಡ್ರಿ, ಅದು ಡಾಕ್ಟರ್ ಕೆಲಸ.

ನಮ್ಮ ಗಂಡು ಬೆಕ್ಕಿಗೆ ಮಲಬದ್ಧತಿ ಆಗೇತಿ, ಟ್ರೇದಾಗ ಕುಂತು ತಿಣಕತೈತಿ, ಹುಲ್ಲು ಕೊಟ್ರ ಆರಾಮಾಗತೈತಾ?

ದಯವಿಟ್ಟು ಹುಲ್ಲಿನ ವಿಚಾರ ಬಿಟ್ಟು ಮೊದ್ಲ ಟ್ರೇ ನೋಡ್ರಿ, ಉಚ್ಚಿ ಬಿದ್ದೈತಾ ಇಲ್ಲಾ ಅಂತ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ರೂ ಹಿಂಗ ತಿಣಕತೈತಿ, ನೋಡಿದವ್ರು ಮಲಬದ್ಧತಿ ಅಂತ ತಿಳ್ಕೋತಾರ. ಮೂತ್ರ ಕಟ್ಟಿದ್ರ ಒಂದೆರಡು ದಿನದಾಗ ಜೀವ ಹೋಗತೈತಿ. ರಾತ್ರಿ ಇದ್ರೂ ಡಾಕ್ಟರ್‌ಗೆ ಫೋನ್ ಹಚ್ರಿ, ನಾಳೆ ನೋಡೋಣು ಅನ್ನಬ್ಯಾಡ್ರಿ.

ಇಷ್ಟೆಲ್ಲಾ ಮಾಡಿ ಇಟ್ರ ಬೆಕ್ಕು ಮೂಸಿ ಹೋತು. ತಿನ್ನಸೋದು ಹೆಂಗ?

ತಿನ್ನಸಬ್ಯಾಡ್ರಿ. ಜಾಗ ಬದಲಿಸಿ ನೋಡ್ರಿ, ಲಿಟ್ಟರ್ ಟ್ರೇ ಹತ್ರ ಇಟ್ರ ಮುಟ್ಟೂದಿಲ್ಲ, ಅದು ಮಕ್ಕೊಳ್ಳೋ ಜಾಗ, ಕಿಡಕಿ ಹೊರಗ ನೋಡಕೋತ ಕುಂದರೋ ಜಾಗದ ಹತ್ರ ಇಡ್ರಿ. ಒಂದ್ ಎಸಳು ಕಿತ್ತು ಅದ್ರ ಮುಂದ ಅಲ್ಲಾಡಸ್ರಿ. ಕೆಲವೊಂದಕ್ಕ ಜನ್ಮದಾಗ ಹುಲ್ಲಿನ ಆಸೆ ಇರೂದಿಲ್ಲ, ಅದಕ್ಕೂ ಏನೂ ಕೊರತಿ ಆಗೂದಿಲ್ಲ. ಹಾಲು ಬಿಟ್ಟು ಊಟ ಹಿಡದ ಮರಿಗಳು ಎರಡು ತಿಂಗಳ ಮ್ಯಾಲೆ ಆಸೆಯಿಂದ ಕಡಿತಾವು, ಅವುಕ್ಕ ಎಳಿ ತುದಿ ಕತ್ರಿಸಿ ಕೊಡ್ರಿ.

ತಿನ್ನೂಕಿಂತ ಹೆಚ್ಚು ಅದ್ರ ಮ್ಯಾಲೆ ಮಕ್ಕೊಂಡು ಡಬ್ಬಿ ಕೆಡವತೈತಿ.

ಭಾರದ ಮಣ್ಣಿನ ಬಟ್ಟಲಕ್ಕ ಹೋಗ್ರಿ, ಇಲ್ಲಾ ಪ್ಲಾಸ್ಟಿಕ್ ಡಬ್ಬಿ ತಳಕ್ಕ ಸಣ್ಣ ಕಲ್ಲು ಹಾಕ್ರಿ. ಮ್ಯಾಲೆ ಅಗಲ ಕಣ್ಣಿನ ಜಾಳಗಿ ಬಿಗದ್ರ ಹುಲ್ಲು ಕಣ್ಣಿಂದ ಮ್ಯಾಲೆ ಬರ್ತೈತಿ, ಮಕ್ಕೊಳ್ಳಾಕ ಕೆದರಾಕ ಬರೂದಿಲ್ಲ. ತಂತಿ ತುದಿ ಒಳಗ ಮಡಚ್ರಿ.

ಹುಲ್ಲು ಇಟ್ರ ಉಳದ ಗಿಡ ಬಿಡತೈತಾ?

ಕಡಿಮಿ ಆಗತೈತಿ, ಆದ್ರ ಅದ್ರ ಮ್ಯಾಲೆ ಭರವಸಿ ಇಟ್ಟು ವಿಷದ ಗಿಡ ಮನ್ಯಾಗ ಇಡಬ್ಯಾಡ್ರಿ. ಎಲ್ಲಾಕ್ಕಿಂತ ಕೆಟ್ಟದ್ದು ಲಿಲ್ಲಿ. ಬರ್ತಡೇ, ಮದವಿ ಬೊಕೆದಾಗ ಬರೋ ದೊಡ್ಡ ಹೂವಿನ ಲಿಲ್ಲಿ ಇರ್ತಾವಲ್ಲ, ಅದ್ರ ಎಲಿ, ಹೂವು, ಮೈಗೆ ಅಂಟಿದ ಪರಾಗ ನೆಕ್ಕಿದ್ದು, ಅಷ್ಟ ಯಾಕ ಹೂದಾನಿ ನೀರು ಕುಡದ್ರೂ ಬೆಕ್ಕಿನ ಕಿಡ್ನಿ ಕೆಡತೈತಿ. ಬೆಕ್ಕಿರೋ ಮನಿಗೆ ಅದು ಒಳಗ ಬರಬಾರದು, ಯಾರರ ತಂದುಕೊಟ್ರ ಬಾಗಲದಾಗ ಬಿಚ್ಚಿ ಆ ಹೂವು ಹೊರಗ ಹಾಕ್ರಿ. ಕಣಗಿಲ ಹೃದಯಕ್ಕ ವಿಷ. ಮನಿಪ್ಲಾಂಟ್, ಡೈಫೆನ್‌ಬೇಕಿಯಾ (ಬಿಳಿ ಚುಕ್ಕಿಯ ಅಗಲ ಎಲಿಯ ಶೋ ಗಿಡ) ಕಡದ್ರ ಬಾಯಿ ಉರದು ಜೊಲ್ಲು ಸುರಿತೈತಿ. ಲೋಳಸರನೂ ಬೆಕ್ಕಿಗೆ ಆಗಿ ಬರೂದಿಲ್ಲ, ಮಂದಿ ಔಷಧಿ ಗಿಡ ಅಂತ ಬಿಟ್ಟಿರ್ತಾರ. ಇವನ್ನ ಹಂಚಿಬಿಡ್ರಿ ಇಲ್ಲಾ ಬೆಕ್ಕು ಹೋಗದ ಕಡೆ ಇಡ್ರಿ.

ನಾವು ಶಾಕಾಹಾರಿಗಳು, ಬೆಕ್ಕಿಗೆ ಹಾಲು-ರೊಟ್ಟಿ ಹಾಕ್ತೀವಿ. ಹುಲ್ಲು ಕೊಟ್ರ ಪೌಷ್ಟಿಕಾಂಶ ಸರಿ ಹೋಗತೈತೇನು?

ಹೋಗೂದಿಲ್ರಿ. ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು, ಅದು ಮಾಂಸ ಮೀನಿನ್ಯಾಗ ಸಿಗೋದು, ಇಲ್ಲದಿದ್ರ ದಿನಾ ಹೋದಂಗ ಕಣ್ಣು, ಹೃದಯ ಕೆಡತಾವು. ಹಳ್ಳಿ ಮನ್ಯಾಗ ಹಾಲು-ರೊಟ್ಟಿ ತಿಂದು ಬದಕಿದ್ದ ಬೆಕ್ಕು ಹಗೇವು, ಕಣಜದ ಹತ್ರ ಇಲಿ ಹಿಡದು ತಿಂತಿತ್ತು, ಫ್ಲ್ಯಾಟಿನ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು. ಮನ್ಯಾಗ ಬೇಸೋದು ಆಗೂದಿಲ್ಲ ಅಂದ್ರ ಬೆಕ್ಕಿಗಂತ ಮಾಡಿದ ರೆಡಿ ಫುಡ್ ಹಾಕ್ರಿ, ಅದ್ರಾಗ ಟಾರಿನ್ ಸೇರ್ಸಿರ್ತಾರ. ಹುಲ್ಲು ಬಾಯಿ ಚಪಲಕ್ಕ, ಊಟಕ್ಕಲ್ಲ.

ಇರಿವಿ ಬಂದು ಕಾಳು ಹೊತ್ಕೊಂಡು ಹೋಗತಾವು. ಇರಿವಿ ಚಾಕ್ ಗೆರಿ ಹಾಕಲಾ?

ಬ್ಯಾಡ. ಬೆಕ್ಕು ಅದ್ರ ಮ್ಯಾಲೆ ಕಾಲಿಟ್ಟು ಆ ಕಾಲು ನೆಕ್ಕತೈತಿ. ತಾಟಿನ್ಯಾಗ ನೀರು ಹಾಕಿ, ನಡು ಒಂದ್ ಬಟ್ಟಲ ಬೋರಲಿಟ್ಟು, ಅದ್ರ ಮ್ಯಾಲೆ ಡಬ್ಬಿ ಇಡ್ರಿ. ಇರಿವಿ ಈಜಿ ಬರೂದಿಲ್ಲ.

ನಮ್ಮ ತಾಂಡಾದಾಗ ತೀಜ್ ಹಬ್ಬಕ್ಕ ಬುಟ್ಟ್ಯಾಗ ಗೋದಿ ಸಸಿ ಬೆಳಸ್ತೀವಿ, ಅದೇ ಏನು ಇದು?

ಅದೇ ಅಕ್ಕಾ, ಕೆಲಸ ನಿಮಗ ಬಂದೇ ಐತಿ. ಶಿರಹಟ್ಟಿ, ಹಾವೇರಿ ಕಡೆ ಲಂಬಾಣಿ ಹೆಣಮಕ್ಕಳು ಶ್ರಾವಣದಾಗ ಒಂಬತ್ತು ದಿನ ಬುಟ್ಟಿಗೆ ನೀರು ಹಾಕಿ ಬೆಳಸೋ ಸಸಿ ಎಷ್ಟು ದಟ್ಟ, ಎಷ್ಟು ನೆಟ್ಟಗ ಬರ್ತೈತಿ ಅಂದ್ರ, ಮಳಿಗಾಲದಾಗ ಸಸಿ ಕೊಳಿತೈತಿ ಅನ್ನೋರು ಹೋಗಿ ನೋಡಬೇಕು. ಬಿದಿರು ಬುಟ್ಟಿಗೆ ಎಲ್ಲಾ ಕಡೆಯಿಂದ ಗಾಳಿ ಆಡತೈತಿ, ನೀರು ನಿಲ್ಲೂದಿಲ್ಲ, ಗುಟ್ಟು ಅಲ್ಲೈತಿ. ದೇವರಿಗೆ ಇಟ್ಟದ್ದನ್ನ ಬೆಕ್ಕಿಗೆ ಕೊಡಬ್ಯಾಡ್ರಿ, ಹಂಗಽ ಒಂದ್ ಸಣ್ಣ ಬುಟ್ಟಿ ಬ್ಯಾರೆ ಮಾಡ್ರಿ, ಅದಕ್ಕ ತಿಪ್ಪಿ ಗೊಬ್ಬರ ಹಾಕಬ್ಯಾಡ್ರಿ ಅಷ್ಟ.

ಮನ್ಯಾಗ ನಾಯಿನೂ ಐತಿ, ಅದೂ ತಿಂತೈತಿ.

ತಿನ್ನಲಿ ಬಿಡ್ರಿ, ಅದಕ್ಕ ಒಂದ್ ಡಬ್ಬಿ ಹೆಚ್ಚಿಗಿ ಹಾಕ್ರಿ.

ಮುಗದ ಡಬ್ಬ್ಯಾಗಿನ ಮಣ್ಣು ಮತ್ತ ಬಳಸಬೌದಾ? ಊರಿಗೆ ಹೋಗಬೇಕಾದ್ರ?

ಬೇರು ಹೆಣಕೊಂಡು ಚಾಪಿ ಆಗಿರ್ತೈತಿ, ಅದ್ರಾಗ ಮತ್ತ ಗೋದಿ ಹಾಕಿದ್ರ ಹಳೇ ಕಾಳು ಕೊಳತು ಫಂಗಸ್ ಬರ್ತೈತಿ. ತಗದು ಹೂವಿನ ಗಿಡದ ಬುಡಕ್ಕ ಬೋರಲ ಹಾಕ್ರಿ, ಫಂಗಸ್ ಇಲ್ಲಂದ್ರ ಹುಲ್ಲು ಓಣ್ಯಾಗಿನ ಆಕಳಿಗೆ ಹಾಕ್ರಿ. ಊರಿಗೆ ನಾಕ್ ದಿನ ಹೊಂಟಿದ್ರ ಹೋಗೂ ಮೊದ್ಲ ಮಣ್ಣು ಪೂರಾ ನೆನಿಸಿ, ಬಿಸಲಿಂದ ದೂರ ಸರಿಸಿ ಇಡ್ರಿ, ಅದಕ್ಕಿಂತ ಹೆಚ್ಚು ದಿನ ಆದ್ರ ಹಾಕಾಕ ಹೋಗಬ್ಯಾಡ್ರಿ, ಬಂದ ರಾತ್ರಿ ನೆನಿ ಹಾಕಿದ್ರ ವಾರ ಹತ್ತು ದಿನದಾಗ ಹುಲ್ಲು ತಯಾರಾಗತೈತಿ. ಬೆಕ್ಕು ನೋಡಕೊಳ್ಳಾ‌ಕ ಬರೋರಿಗೆ ಜ್ವಾಳದ ಮಾತು ಮಾತ್ರ ಹೇಳೇ ಹೋಗ್ರಿ.